ಸ್ಟೀರಿಂಗ್ ಜೊತೆ ಕುಸ್ತಿ ಬೇಡ

ರೇಸಿಂಗ್ ಆಟಕ್ಕೆಂದು ಹೊಸ ಸ್ಟೀರಿಂಗ್ ವೀಲ್ ತಂದವರು ಮೊದಲು ಮಾಡುವ ಕೆಲಸ ಆಟದೊಳಗಿನ ಫೋರ್ಸ್ ಫೀಡ್‌ಬ್ಯಾಕನ್ನು, ಅಂದರೆ ವೀಲ್‌ನ ಮೋಟಾರು ಕೈಗೆ ಕೊಡುವ ಎಳೆತವನ್ನು, ನೂರಕ್ಕೆ ಏರಿಸುವುದು. ನಾನೂ ಅದನ್ನೇ ಮಾಡಿದ್ದೆ. ಅರ್ಧ ಗಂಟೆಯಲ್ಲಿ ತೋಳು ಸೋತಿತು. ಕಾರು ಮಾತ್ರ ತಿರುವು ಬಂದಾಗಲೆಲ್ಲ ಹುಲ್ಲಿಗೆ ಇಳಿಯುತ್ತಿತ್ತು. ವೀಲ್ ಗಟ್ಟಿಯಾಗಿರುವುದು ಮುಖ್ಯವಲ್ಲ, ಟೈರಿಗೆ ಏನಾಗುತ್ತಿದೆ ಅಂತ ಅದು ಕೈಗೆ ಹೇಳಬೇಕು.

ಮೊದಲು ಮೇಜು, ಕುರ್ಚಿ

ಕ್ಲ್ಯಾಂಪ್ ಬಿಗಿ ಮಾಡಿ, ವೀಲ್ ಹಿಡಿದು ಎರಡೂ ಕಡೆ ಜಗ್ಗಿ ನೋಡಿ. ಮೇಜು ಅಲ್ಲಾಡಿದರೆ ಕೈಗೆ ಬರಬೇಕಾದ ಬಲ ಮೇಜಿಗೆ ಹೋಗುತ್ತದೆ. ಪೆಡಲನ್ನು ಗೋಡೆಗೆ ತಾಗಿಸಿ ಇಡಿ. ಕುರ್ಚಿಗೆ ಗಾಲಿ ಇದ್ದರೆ ಬ್ರೇಕ್ ಒತ್ತಿದಾಗ ನೀವೇ ಹಿಂದಕ್ಕೆ ಹೋಗುತ್ತೀರಿ. ಗಾಲಿಗಳನ್ನು ಹಳೆಯ ಶೂಗಳ ಒಳಗೆ ಕೂರಿಸಿ. ನೋಡೋಕೆ ತಮಾಷೆ ಅನ್ನಿಸುತ್ತೆ, ಆದರೆ ಕುರ್ಚಿ ಕದಲುವುದಿಲ್ಲ.

ಆನ್ ಮಾಡುವಾಗ ಕೈ ದೂರ

ಯುಎಸ್‌ಬಿ ವೈರನ್ನು ನೇರ ಕಂಪ್ಯೂಟರಿಗೇ ಹಾಕಿ. ಆನ್ ಆದ ಕೂಡಲೇ ಬಹಳಷ್ಟು ವೀಲ್‌ಗಳು ತಾವಾಗಿಯೇ ಎಡಕ್ಕೂ ಬಲಕ್ಕೂ ಕೊನೆವರೆಗೆ ತಿರುಗಿ ನಡುವಿಗೆ ಬಂದು ನಿಲ್ಲುತ್ತವೆ. ಅಷ್ಟರವರೆಗೆ ಮುಟ್ಟಬೇಡಿ. ನಾನೊಮ್ಮೆ ಹೆಡ್‌ಫೋನನ್ನು ವೀಲ್‌ಗೆ ನೇತುಹಾಕಿ ಮರೆತಿದ್ದೆ. ಆನ್ ಮಾಡಿದ್ದೇ ತಡ, ಅದು ಗಿರ್ರನೆ ತಿರುಗಿ ವೈರು ಕಿತ್ತು ಬಂತು.

ಆಮೇಲೆ ವೀಲ್‌ನ ಸಾಫ್ಟ್‌ವೇರ್ ತೆರೆದು ಎರಡು ಕೆಲಸ ಮಾಡಿ. ತಿರುಗುವ ಮಿತಿಯನ್ನು ಪೂರ್ತಿ ಬಿಡಿ. ಲಾಜಿಟೆಕ್ ಜಿ29ರಲ್ಲಿ ಅದು 900 ಡಿಗ್ರಿ, ಅಂದರೆ ಎರಡೂವರೆ ಸುತ್ತು. ಕಾರಿಗೆ ತಕ್ಕ ಹಾಗೆ ಕಡಿಮೆ ಮಾಡುವುದನ್ನು ಈಗಿನ ಎಷ್ಟೋ ಆಟಗಳು ತಾವೇ ನೋಡಿಕೊಳ್ಳುತ್ತವೆ. ಪರದೆಯ ಮೇಲಿನ ಸ್ಟೀರಿಂಗೂ ನಿಮ್ಮದೂ ಒಟ್ಟಿಗೇ ತಿರುಗಿದರೆ ಸರಿ ಇದೆ ಅಂತ ಅರ್ಥ. ಎರಡನೆಯದು, ಸೆಂಟರಿಂಗ್ ಸ್ಪ್ರಿಂಗ್ ಆಫ್ ಮಾಡುವುದು. ವೀಲನ್ನು ನಡುವಿಗೆ ಎಳೆಯಬೇಕಾದದ್ದು ಆಟದೊಳಗಿನ ಟೈರು, ಸಾಫ್ಟ್‌ವೇರ್ ಅಲ್ಲ.

ಗೇನ್ ಎಷ್ಟಿರಬೇಕು?

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಸಾಫ್ಟ್‌ವೇರ್‌ನಲ್ಲಿ ಬಲ 100 ಇಟ್ಟು, ಆಟದೊಳಗಿನ ಗೇನ್ (ಆ ಎಳೆತ ಎಷ್ಟು ಜೋರಾಗಿರಬೇಕು ಅನ್ನುವ ಅಂಕಿ) ಒಂದನ್ನೇ ಏರಿಸಿ ಇಳಿಸಿ. ಗೇನ್ ಜಾಸ್ತಿಯಾದರೆ ವೇಗದ ತಿರುವಿನಲ್ಲಿ ಮೋಟಾರು ಮೊದಲೇ ತನ್ನ ಮಿತಿ ಮುಟ್ಟಿರುತ್ತದೆ. ಆಮೇಲೆ ಟೈರು ಜಾರಿದರೂ, ಅಂಚಿನ ಕರ್ಬ್ ಹತ್ತಿದರೂ ಕೈಗೆ ಬರುವುದು ಅದೇ ಒಂದು ಗಟ್ಟಿ ಎಳೆತ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಅಸೆಟ್ಟೊ ಕೊರ್ಸಾ ಎಂಬ ರೇಸಿಂಗ್ ಆಟದಲ್ಲಿ ಪೆಡಲ್ ತೋರಿಸುವ ಪುಟ್ಟ ಆ್ಯಪ್ ಇದೆ. ಅದರಲ್ಲಿ ಫೋರ್ಸ್ ಫೀಡ್‌ಬ್ಯಾಕಿನ ಪಟ್ಟಿ ಕೆಂಪಾದರೆ ಕ್ಲಿಪ್ಪಿಂಗ್ ಆಗುತ್ತಿದೆ ಅಂತ. ಉದ್ದನೆಯ, ವೇಗದ ತಿರುವೊಂದನ್ನು ಆರಿಸಿಕೊಂಡು ಮತ್ತೆ ಮತ್ತೆ ಓಡಿಸಿ. ತಿರುವಿನುದ್ದಕ್ಕೂ ಕೆಂಪು ಕಂಡರೆ ಗೇನನ್ನು ಐದೈದು ಇಳಿಸಿ. ಕರ್ಬ್ ಹತ್ತಿದಾಗ ಮಾತ್ರ ಮಿಂಚಿ ಹೋದರೆ ಚಿಂತೆಯಿಲ್ಲ.

ಸರಿಯಾಯಿತೋ ಇಲ್ಲವೋ ಅಂತ ಕೈಯನ್ನೇ ಕೇಳಿ. ಬೇಕಂತಲೇ ಜಾಸ್ತಿ ವೇಗದಲ್ಲಿ ತಿರುವಿಗೆ ನುಗ್ಗಿ, ಸ್ಟೀರಿಂಗ್ ತಿರುಗಿಸುತ್ತಾ ಹೋಗಿ. ಭಾರ ಏರುತ್ತದೆ, ಏರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ವೀಲ್ ಹಗುರವಾಗುತ್ತದೆ. ಅದರ ಬೆನ್ನಿಗೇ ಕಾರಿನ ಮೂತಿ ಹೊರಕ್ಕೆ ಜಾರುತ್ತದೆ. ಟೈರಿನ ಹಿಡಿತ ಪೂರ್ತಿ ತಪ್ಪುವ ಮೊದಲೇ ಸ್ಟೀರಿಂಗನ್ನು ನೆಟ್ಟಗೆ ಮಾಡುವ ಅದರ ಎಳೆತ ಕುಗ್ಗುವುದರಿಂದ ಹೀಗಾಗುತ್ತದೆ. ಆ ಹಗುರ ಕೈಗೆ ತಿಳಿಯಿತಾ? ಗೇನ್ ಅಲ್ಲಿಗೇ ನಿಲ್ಲಿಸಿ.

ನಡುವಿನಲ್ಲಿ ಸತ್ತಂತಿದ್ದರೆ

ಮೋಟಾರಿಗೂ ವೀಲಿಗೂ ನಡುವೆ ಗೇರ್ ಇರುವ ಅಗ್ಗದ ವೀಲ್‌ಗಳಲ್ಲಿ ನಟ್ಟನಡುವೆ ಏನೂ ತಿಳಿಯದ ಜಾಗ ಇರುತ್ತದೆ. ಆಟದ ಸೆಟ್ಟಿಂಗ್‌ನಲ್ಲಿ ಮಿನಿಮಮ್ ಫೋರ್ಸನ್ನು, ಅಂದರೆ ಮೋಟಾರು ಕೊಡುವ ಕನಿಷ್ಠ ಬಲವನ್ನು, ಒಂದೊಂದೇ ಏರಿಸಿ. ನೇರ ರಸ್ತೆಯಲ್ಲಿ ಕೈ ಬಿಟ್ಟಾಗ ವೀಲ್ ನಡುಗಿದರೆ ಒಂದು ಹೆಜ್ಜೆ ಹಿಂದೆ ಬನ್ನಿ. ನೇರ ಮೋಟಾರಿಗೇ ಜೋಡಿಸಿದ ಡೈರೆಕ್ಟ್ ಡ್ರೈವ್ ವೀಲ್ ಇದ್ದವರಿಗೆ ಸಾಮಾನ್ಯವಾಗಿ ಸೊನ್ನೆಯೇ ಸಾಕು.

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಅದೂ ಅದೇ ಕಾರು, ಅದೇ ಟ್ರ್ಯಾಕ್‌ನಲ್ಲಿ. ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಬೇರೆ ಕಾರು ಹತ್ತಿದಾಗ ಗೇನ್ ಒಂದನ್ನು ನೋಡಿದರೆ ಸಾಕು. ಆಟವೇ ಬದಲಾದರೆ ಮಾತ್ರ ಆಟದೊಳಗಿನ ಸೆಟ್ಟಿಂಗ್ ಎಲ್ಲವನ್ನೂ ಮತ್ತೆ ಮಾಡಬೇಕು.