ಹೊಳೆಯುವ ಸ್ಕ್ರೂ ನಂಬಿ ಎರಡು ಸಲ ಹಾಕಿದ ಜಗಲಿ

ನಮ್ಮ ಮನೆಯ ಮರದ ಜಗಲಿಗೆ ನಾನು ಎರಡು ಸಲ ಹಲಗೆ ಹಾಕಿದ್ದೇನೆ. ಮರ ಕೆಟ್ಟಿತ್ತು ಅಂತಲ್ಲ, ಹಲಗೆಗಳು ಗಟ್ಟಿಯಾಗೇ ಇದ್ದವು. ಕೈಕೊಟ್ಟಿದ್ದು ಸ್ಕ್ರೂಗಳು.

ಮೊದಲ ಸಲ ಹಳದಿ ಹೊಳಪಿನ ಜಿಂಕ್ ಸ್ಕ್ರೂ ತಂದಿದ್ದೆ. ಡಬ್ಬದ ಮೇಲೆ ತುಕ್ಕು ಹಿಡಿಯುವುದಿಲ್ಲ ಅಂತ ಬರೆದಿತ್ತು, ಅಷ್ಟು ಸಾಕು ಅನ್ನಿಸಿತು. ಎರಡು ಮಳೆಗಾಲ ಕಳೆದ ಮೇಲೆ ಒಂದು ಹಲಗೆ ಕಾಲಿಟ್ಟಾಗೆಲ್ಲ ಕಿರುಗುಟ್ಟತೊಡಗಿತು. ಬಿಗಿ ಮಾಡೋಣ ಅಂತ ತಿರುಗಿಸಿದರೆ ಸ್ಕ್ರೂವಿನ ತಲೆ ಮಾತ್ರ ಕಿತ್ತುಬಂತು! ಕೆಳಗಿನದು ಸೀಸದಕಡ್ಡಿಯ ಮೊನೆಯ ಹಾಗೆ ಸವೆದುಹೋಗಿತ್ತು. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಹಲಗೆ ತೊಲೆಗೆ ತಾಗುವ ಜಾಗದಲ್ಲಿ ತೇವ ಬೇಗ ಆರುವುದಿಲ್ಲ, ತುಕ್ಕು ತಿನ್ನುವುದು ಅಲ್ಲೇ.

ಆಮೇಲೆ ಕೂತು ವಿಚಾರ ಮಾಡಿದಾಗ ತಪ್ಪು ಎಲ್ಲಿ ಅಂತ ತಿಳಿಯಿತು. ನನ್ನ ತೊಲೆಗಳು ಗೆದ್ದಲು, ಶಿಲೀಂಧ್ರ ಬಾರದ ಹಾಗೆ ರಾಸಾಯನಿಕ ಕುಡಿಸಿದ ಮರ. ಎಸಿಕ್ಯೂ, ಕಾಪರ್ ಅಜೋಲ್ ಅನ್ನುವ ಈ ದ್ರಾವಣಗಳಲ್ಲಿ ತಾಮ್ರ ಜಾಸ್ತಿ. ತೇವ ಇದ್ದಾಗ ಆ ತಾಮ್ರವೇ ಕಬ್ಬಿಣವನ್ನು ತಿನ್ನುತ್ತದೆ. ಹಳದಿ ಸ್ಕ್ರೂ ಮೇಲಿನ ಜಿಂಕ್ ಸುಮಾರು 5ರಿಂದ 10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಷ್ಟೇ, ಎಷ್ಟು ದಿನ ತಡೆದೀತು? ಕರಗಿದ ಜಿಂಕ್‌ನಲ್ಲಿ ಅದ್ದಿ ತೆಗೆದದ್ದಾದರೆ 40–50 ಮೈಕ್ರಾನ್ ಆಸುಪಾಸು ಬರುತ್ತದೆ. ಅದು ಮಂಕಾಗಿ, ಒರಟಾಗಿ ಕಾಣುತ್ತದೆ, ನನಗೆ ಮೊದಲು ಇಷ್ಟವಾಗದ್ದೂ ಅದಕ್ಕೇ.

ಎರಡನೇ ಸಲ ಸ್ಟೇನ್‌ಲೆಸ್ ಅಂತ ತೀರ್ಮಾನಿಸಿದೆ. ಆದರೆ ಸ್ಟೇನ್‌ಲೆಸ್ ಅಂದರೆ ಎಲ್ಲ ಒಂದೇ ಅಲ್ಲ, ಅದರ ಬಗೆಗಳಿಗೆ 410, 304, 316 ಅಂತ ನಂಬರ್ ಇರುತ್ತದೆ. 410 ಗಟ್ಟಿ, ಸಲೀಸಾಗಿ ಇಳಿಯುತ್ತದೆ, ಆದರೆ ಹೊರಗಡೆ ಬೇಗ ಕಂದಾಗುತ್ತದೆ. ಜಗಲಿಗೆ 304 ಸಾಕು. ಸಮುದ್ರದ ಉಪ್ಪುಗಾಳಿ ಇರುವ ಕಡೆ, ಇಲ್ಲವೇ ಈಜುಕೊಳದ ಪಕ್ಕ 316 ಬೇಕು. ಅದರಲ್ಲಿ ಬೆರೆಸಿರುವ ಮಾಲಿಬ್ಡಿನಂ ಅನ್ನುವ ಲೋಹ ಉಪ್ಪಿನ ಹೊಡೆತ ತಡೆಯುತ್ತದೆ. ಡಬ್ಬದ ಮೇಲೆ ಬರೀ ಸ್ಟೇನ್‌ಲೆಸ್ ಅಂತಿದ್ದರೆ ನಾನು ಮ್ಯಾಗ್ನೆಟ್ ಹಿಡಿದು ನೋಡುತ್ತೇನೆ. ಗಟ್ಟಿಯಾಗಿ ಅಂಟಿಕೊಂಡರೆ ಅದು 410 ಇರಬಹುದು ಅಂತ ಅನುಮಾನ. 304 ಕೂಡ ಸ್ವಲ್ಪ ಎಳೆಯುವುದುಂಟು, ಹಾಗಾಗಿ ಇದನ್ನೇ ಪೂರ್ತಿ ನಂಬಬೇಡಿ.

ತೊಲೆ ಹಿಡಿದಿರುವ ಬ್ರಾಕೆಟ್‌ಗಳು ಜಿಂಕ್ ಲೇಪದವು, ಅವುಗಳಿಗೆ ಮಾತ್ರ ಸ್ಟೇನ್‌ಲೆಸ್ ಹಾಕಲಿಲ್ಲ. ಎರಡು ಬೇರೆ ಲೋಹ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಬ್ರಾಕೆಟ್‌ನ ಜಿಂಕ್ ಬೇಗ ಕರಗುತ್ತದೆ. ಅಲ್ಲಿಗೆ ಬಿಸಿ ಜಿಂಕ್‌ನಲ್ಲಿ ಅದ್ದಿದ ಮೊಳೆಗಳನ್ನೇ ಹೊಡೆದೆ.

304ರ ಒಂದು ಕಿರಿಕಿರಿ ಅಂದರೆ ಅದು ಮೆತ್ತಗೆ. ಮೊದಲ ಹಲಗೆಯಲ್ಲೇ ಮೂರು ಸ್ಕ್ರೂ ಪಟ್ ಅಂತ ಮುರಿದವು, ತಪ್ಪು ನನ್ನದೇ, ಡ್ರಿಲ್ ಜೋರಾಗಿ ಓಡಿಸಿದ್ದೆ. ಆಮೇಲೆ 5 ಮಿಮೀ ಸ್ಕ್ರೂಗೆ ಮೊದಲು 3.5 ಮಿಮೀ ತೂತು ಕೊರೆದು, ಎಳೆಗಳಿಗೆ ಸೋಪು ಸವರಿ, ನಿಧಾನಕ್ಕೆ ಇಳಿಸಿದೆ. ಮತ್ತೆ ಒಂದೂ ಮುರಿಯಲಿಲ್ಲ. ಹಲಗೆ 25 ಮಿಮೀ ದಪ್ಪ, ಸ್ಕ್ರೂ 65 ಮಿಮೀ, ಅಂದರೆ ತೊಲೆಯೊಳಗೆ 40 ಮಿಮೀ ಹಿಡಿತ. ತಲೆ ಹಲಗೆಯ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸಬೇಕು, ಇನ್ನೂ ಒಳಗೆ ಒತ್ತಿದರೆ ಆ ಗುಳಿಯಲ್ಲಿ ನೀರು ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿ ಎರಡು ವಾರ ಆಗಿರಲಿಲ್ಲ, ಹೊಸ ಸ್ಕ್ರೂ ತಲೆಗಳ ಮೇಲೆ ಕಂದು ಚುಕ್ಕೆ! ಎದೆ ಧಸಕ್ಕೆಂದಿತು. ನೋಡಿದರೆ ತುಕ್ಕು ಸ್ಕ್ರೂವಿನದಲ್ಲ, ಪಕ್ಕದಲ್ಲೇ ಕೂತು ಹಳೇ ಸ್ಕ್ರೂಗಳ ಮೋಟನ್ನು ಗ್ರೈಂಡರ್‌ನಲ್ಲಿ ಕತ್ತರಿಸಿದ್ದೆನಲ್ಲ, ಆ ಕಬ್ಬಿಣದ ಪುಡಿ ಮೇಲೆ ಕೂತಿತ್ತು. ನೈಲಾನ್ ಬ್ರಷ್‌ನಲ್ಲಿ ಉಜ್ಜಿದೆ, ಹೋಯಿತು. ಕಬ್ಬಿಣದ ಬ್ರಷ್ ತಗೊಂಡಿದ್ದರೆ ಇನ್ನಷ್ಟು ಕಬ್ಬಿಣ ಅಂಟಿಸಿದಂತಾಗುತ್ತಿತ್ತು.