ಬೀಜಕ್ಕೆ ಬಿಟ್ಟ ಕಾಯಿ

ಮೂಡಿಗೆರೆ ಹತ್ತಿರದ ನಮ್ಮ ಮನೆಗೆ ನಾನು ಸೊಸೆಯಾಗಿ ಬಂದ ವರ್ಷ, ಅತ್ತೆ ಬೇಲಿಯ ಮೇಲಿದ್ದ ಎಲ್ಲಕ್ಕಿಂತ ಚೆಂದದ ಸೋರೆಕಾಯಿಗೆ ಹಳೇ ಸೀರೆ ಅಂಚು ಕಟ್ಟಿ, "ಇದು ಬೀಜಕ್ಕೆ, ಯಾರೂ ಮುಟ್ಟಬೇಡಿ" ಅಂದಿದ್ದರು. ನಾನಾಗಿದ್ದರೆ ಅದನ್ನೇ ಹುಳಿಗೆ ಕೊಯ್ದು, ಸೊಟ್ಟಗಾದದ್ದನ್ನು ಬೀಜಕ್ಕೆ ಬಿಡುತ್ತಿದ್ದೆ. ಒಳ್ಳೇ ಬಳ್ಳಿಯ ಒಳ್ಳೇ ಕಾಯಿ ಮೊದಲು ಬೀಜಕ್ಕೆ, ಉಳಿದದ್ದು ಅಡುಗೆಗೆ ಎಂಬುದನ್ನು ಕಲಿತದ್ದು ಆವತ್ತು.

ಎರಡನೇ ಪಾಠಕ್ಕೆ ತಪ್ಪೊಂದು ಆಗಬೇಕಾಯಿತು. ತವರಿನಿಂದ ಉದ್ದ ಸೋರೆಯ ಬೀಜ ತಂದು ಅತ್ತೆಯ ಗುಂಡು ಸೋರೆಯ ಬೇಲಿಗೇ ಹಬ್ಬಿಸಿದೆ. ಆ ವರ್ಷ ಉದ್ದದ ಬಳ್ಳಿಯಲ್ಲಿ ಉದ್ದ, ಗುಂಡಿನದರಲ್ಲಿ ಗುಂಡು, ಎಲ್ಲ ಸರಿಯಾಗಿಯೇ ಬಿಟ್ಟಿತು. ಗುಂಡಿನ ಬೀಜವನ್ನು ಖುಷಿಯಿಂದ ನಾಲ್ಕು ಮನೆಗೆ ಹಂಚಿದೆ. ಮರುವರ್ಷ ಕೆಳಗಿನ ಮನೆಯವಳು ಬಂದು, "ಅಕ್ಕಾ, ಒಂದರ ಕತ್ತು ಉದ್ದ, ಇನ್ನೊಂದರ ಹೊಟ್ಟೆ ದಪ್ಪ, ಗುಂಡನೆಯದು ಒಂದೂ ಇಲ್ಲ" ಅಂದಳು. ಅತ್ತೆ ಅಷ್ಟು ವರ್ಷ ಕಾಪಾಡಿದ ತಳಿ ನನ್ನ ಕೈಯಲ್ಲಿ ಬೆರಕೆಯಾಗಿತ್ತು. ಪರಾಗ ಬೆರೆತದ್ದು ಆ ವರ್ಷದ ಕಾಯಲ್ಲಿ ಕಾಣುವುದಿಲ್ಲ. ಅದರ ಬೀಜ ಬಿತ್ತಿದಾಗಲೇ ಗೊತ್ತಾಗುವುದು. ಅತ್ತೆಯ ಡಬ್ಬಿಯಲ್ಲಿ ಅದಕ್ಕೂ ಹಿಂದಿನ ವರ್ಷದ ಹಿಡಿ ಬೀಜ ಉಳಿದಿದ್ದರಿಂದ ಗುಂಡು ಸೋರೆ ನಮ್ಮಲ್ಲಿ ಉಳಿಯಿತು. ಅಂದಿನಿಂದ ಯಾವ ಬೀಜವನ್ನೂ ಪೂರ್ತಿ ಬಿತ್ತುವುದಿಲ್ಲ.

ಈಗ ಎರಡೂ ಸೋರೆ ಬೆಳೆಯುತ್ತೇನೆ, ಆದರೆ ಕೈಯಾರೆ ಪರಾಗ ಮುಟ್ಟಿಸುತ್ತೇನೆ. ಸೋರೆ ಹೂ ಅರಳುವುದು ಸಂಜೆ. ಬೇರೆ ಪರಾಗ ಸೋಕದಂತೆ, ಅವತ್ತು ಅರಳಲಿರುವ ಮೊಗ್ಗುಗಳನ್ನು ಮಧ್ಯಾಹ್ನವೇ ನೂಲಿನಿಂದ ಸಡಿಲವಾಗಿ ಕಟ್ಟಿಡುತ್ತೇನೆ, ಗಂಡು ಹೂವನ್ನೂ ಹೆಣ್ಣು ಹೂವನ್ನೂ. ಹೆಣ್ಣಿನ ಬುಡದಲ್ಲಿ ಪುಟ್ಟ ಹೀಚುಕಾಯಿ ಇರುತ್ತದೆ, ಗುರುತಿಸುವುದು ಸುಲಭ. ದೀಪ ಹಚ್ಚುವ ಹೊತ್ತಿಗೆ ನೂಲು ಬಿಚ್ಚಿ, ಅದೇ ತಳಿಯ ಗಂಡು ಹೂವಿನ ಎಸಳು ಕಿತ್ತು, ಪರಾಗವನ್ನು ಹೆಣ್ಣಿನ ನಡುವಿಗೆ ಸವರಿ ಮತ್ತೆ ಕಟ್ಟುತ್ತೇನೆ. ತೊಟ್ಟಿಗೆ ಕೆಂಪು ದಾರ. ಎಲ್ಲವೂ ಕಾಯಿ ಕಚ್ಚುವುದಿಲ್ಲ, ಅದಕ್ಕೇ ನಾಲ್ಕೈದು ಹೂವಿಗೆ ಮಾಡಬೇಕು. ಕಾಯಿ ಒಣಗಿ ಹಗುರಾಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುವ ತನಕ ಮುಟ್ಟುವುದಿಲ್ಲ. ಅದೇ ಬಳ್ಳಿಯ ಎಳೆಕಾಯಿಯ ಚೂರೊಂದನ್ನು ನಾಲಿಗೆಗೆ ತಾಗಿಸಿಯೂ ನೋಡುತ್ತೇನೆ. ಕಹಿಯಿದ್ದರೆ ಬೀಜಕ್ಕೂ ಬೇಡ, ಅಡುಗೆಗಂತೂ ಬೇಡವೇ ಬೇಡ. ಕಹಿ ಸೋರೆ ವಿಷ.

ಅಲಸಂದೆ, ಟೊಮೆಟೊಗೆ ಇಷ್ಟು ಪಾಡಿಲ್ಲ, ಅವು ಹೆಚ್ಚಾಗಿ ತಮ್ಮದೇ ಹೂವಿನ ಪರಾಗದಿಂದ ಕಾಯಿ ಕಚ್ಚುತ್ತವೆ. ಟೊಮೆಟೊ ತಿರುಳನ್ನು ಎರಡು ಮೂರು ದಿನ ಲೋಟದಲ್ಲಿ ಹುಳಿಯಲು ಬಿಟ್ಟರೆ ಲೋಳೆ ಬಿಟ್ಟು ಗಟ್ಟಿ ಬೀಜ ತಳಕ್ಕಿಳಿಯುತ್ತದೆ. ಆದರೆ ಅಂಗಡಿಯ ಹೈಬ್ರಿಡ್ ಟೊಮೆಟೊ, ಅಂದರೆ ಎರಡು ತಳಿ ಬೆರೆಸಿ ಮಾಡಿದ್ದು, ಅದರ ಬೀಜ ಎತ್ತಿಟ್ಟು ಪ್ರಯೋಜನವಿಲ್ಲ, ಮರುವರ್ಷ ಅದೇ ಥರದ ಕಾಯಿ ಬರುವುದಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳಲ್ಲೇ ನೋಡಿ, ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್, ಅರ್ಕಾ ಅನಾಮಿಕಾ ಬೆಂಡೆ ಅಲ್ಲ. ಆ ಬೆಂಡೆಯ ಬೀಜ ಇಡಬಹುದು, ಹತ್ತಿರ ಬೇರೆ ಬೆಂಡೆ ಇರಬಾರದಷ್ಟೇ.

ನಮ್ಮ ಮಲೆನಾಡಿನಲ್ಲಿ ಬೀಜದ ದೊಡ್ಡ ಶತ್ರು ತೇವ. ಜೂನ್, ಜುಲೈ ಮಳೆಯಲ್ಲಿ ಕಾಯಿ ಬಳ್ಳಿಯಲ್ಲೇ ಕೊಳೆಯುತ್ತದೆ. ಅದಕ್ಕೇ ಬೀಜದ ಬಳ್ಳಿಯನ್ನು ಮಳೆ ಇಳಿದ ಮೇಲೆ ಹಾಕಿ, ಜನವರಿ, ಫೆಬ್ರವರಿ ಬಿಸಿಲಿಗೆ ಕಾಯಿ ಒಣಗುವಂತೆ ನೋಡಿಕೊಳ್ಳುತ್ತೇನೆ. ಅಲಸಂದೆಯನ್ನು ಕಚ್ಚಿದರೆ ಹಲ್ಲಿನ ಗುರುತು ಮೂಡಬಾರದು, ಅಷ್ಟು ಒಣಗಬೇಕು. ಆಮೇಲೆ ಬಚ್ಚಲೊಲೆಯ ಬೂದಿ ಜರಡಿ ಹಿಡಿದು ಬೆರೆಸಿ ಗಾಜಿನ ಬಾಟಲಿಗೆ. ಬಿತ್ತುವ ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಐದಕ್ಕಿಂತ ಕಡಿಮೆ ಮೊಳೆತರೆ ಆ ಬೀಜವನ್ನು ಯಾರಿಗೂ ಕೊಡುವುದಿಲ್ಲ.

ಬೀಜ ಬದಲಾಯಿಸಿಕೊಳ್ಳಲು ನಮಗೆ ಮೇಳವೇ ಬೇಕೆಂದಿಲ್ಲ. ಗೃಹಪ್ರವೇಶ, ನಾಮಕರಣಕ್ಕೆ ಹೊರಟಾಗ ಬ್ಯಾಗಿನಲ್ಲಿ ನಾಲ್ಕು ಪೊಟ್ಟಣ ಇರುತ್ತವೆ. ಪ್ರತಿಯೊಂದರ ಮೇಲೂ ಯಾವ ವರ್ಷದ್ದು, ಎಲ್ಲಿಯದು, ಪಕ್ಕದಲ್ಲಿ ಏನಿತ್ತು ಎಂದು ಬರೆದಿರುತ್ತೇನೆ. ಹೋದ ಸಲ ಕೆಳಗಿನ ಮನೆಯವಳಿಗೆ ಹೀರೆ ಬೀಜ ಕೊಟ್ಟೆ. ಅವಳು ಮೊಗೆಕಾಯಿ ಬೀಜ ಕೊಡುವ ಮೊದಲು ನನ್ನ ಪೊಟ್ಟಣ ತಿರುಗಿಸಿ ಬರೆದದ್ದನ್ನು ಓದಿ, "ತುಪ್ಪದ ಹೀರೆ ಹತ್ತಿರ ಇರಲಿಲ್ಲ ತಾನೇ ಅಕ್ಕಾ?" ಎಂದು ಕೇಳಿದಳು.