ಶಾಲೆಯ ಮೂಲನಿವಾಸಿ ದಿನಾಚರಣೆ: ಕೆನಡಾಕ್ಕೆ ಹೊಸದಾಗಿ ಬಂದ ನಮ್ಮ ಸೀಮೆಯ ಪೋಷಕರಿಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದು ಒಂಟಾರಿಯೊ ಪ್ರಾಂತ್ಯದ ಮಿಸಿಸ್ಸಾಗಾ, ಬ್ರ್ಯಾಂಪ್ಟನ್‌ಗಳಲ್ಲಿ ಮನೆ ಹೂಡಿರುವ ಕುಟುಂಬಗಳಿಗೆ ಜೂನ್ ತಿಂಗಳಲ್ಲಿ ಮಗುವಿನ ಶಾಲೆಯಿಂದ ಒಂದು ಆಹ್ವಾನ ಬರಬಹುದು. ಜೂನ್ 21 ಇಲ್ಲಿ ರಾಷ್ಟ್ರೀಯ ಮೂಲನಿವಾಸಿ ಜನರ ದಿನ, 1996ರಿಂದ ಆಚರಣೆಯಲ್ಲಿದೆ. ಇದನ್ನು ನಮ್ಮೂರ ಶಾಲಾ ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆಯೆಂದು ತಿಳಿದು, ಅಂಗಡಿಯಿಂದ ಗರಿಗಳ ಕಿರೀಟ ತಂದು ಮಗುವಿಗೆ ತೊಡಿಸಿ ಕಳುಹಿಸಬೇಡಿ. ಹದ್ದಿನ ಗರಿಯನ್ನು ಮೂಲನಿವಾಸಿಗಳು ಪವಿತ್ರವೆಂದು ಕಾಣುತ್ತಾರೆ, ಮತ್ತು ಅದನ್ನು ಧರಿಸುವ ಯೋಗ್ಯತೆಯನ್ನು ಸಮುದಾಯವೇ ನೀಡಬೇಕು. ಊರಿನಲ್ಲಿ ನಾವು ಕೇಳಿ ಬೆಳೆದ ‘ರೆಡ್ ಇಂಡಿಯನ್’ ಎಂಬ ಹೆಸರು ಇಲ್ಲಿ ನಿಂದನೆಯಾಗುತ್ತದೆ. ಮನೆಯೊಳಗೂ ಅದನ್ನು ಬಳಸದಿರುವುದು ಒಳ್ಳೆಯದು.

ಮಿಸಿಸ್ಸಾಗಾ ನಗರದ ಹೆಸರೇ ಒಂದು ಜನಾಂಗದ್ದು. ಮಿಸಿಸ್ಸಾಗಾ ಜನರು ಅನಿಶಿನಾಬೆ ಸಮುದಾಯಕ್ಕೆ ಸೇರಿದವರು. ಬ್ರ್ಯಾಂಪ್ಟನ್ ಇರುವ ಭೂಮಿ 1818ರ ಒಪ್ಪಂದದ ಮೂಲಕ ಅವರ ಕೈಬಿಟ್ಟಿತು. ಅವರು 1847ರಲ್ಲಿ ಕ್ರೆಡಿಟ್ ನದಿಯ ದಡದಿಂದ ಹೇಗರ್ಸ್‌ವಿಲ್ ಬಳಿಗೆ ತೆರಳಿದರು, ಇಂದಿಗೂ ಅಲ್ಲಿಯೇ ಬಾಳುತ್ತಿದ್ದಾರೆ. ಆದ್ದರಿಂದ ಮಗುವಿನೊಂದಿಗೆ ಮಾತನಾಡುವಾಗ ಅವರನ್ನು ‘ಹಿಂದೆ ಇದ್ದವರು’ ಎನ್ನಬಾರದು.

ತರಗತಿಯ ಚಟುವಟಿಕೆಗಳಲ್ಲಿ ನಮ್ಮವರಿಗೆ ಅತ್ಯಂತ ಹತ್ತಿರವಾದದ್ದು ‘ಮೂವರು ಸೋದರಿಯರು’ ಎಂಬ ಬಿತ್ತನೆ. ಗ್ರ್ಯಾಂಡ್ ನದಿಯ ದಡದಲ್ಲಿ ನೆಲೆಸಿರುವ ಹೋಡೆನೊಶೋನಿ ಎಂಬ ಮೂಲನಿವಾಸಿ ಜನರು ಮುಸುಕಿನ ಜೋಳ, ಬೀನ್ಸ್ ಮತ್ತು ಕುಂಬಳವನ್ನು ಒಂದೇ ಪಾತಿಯಲ್ಲಿ ಬೆಳೆಯುತ್ತಾ ಬಂದಿದ್ದಾರೆ: ಜೋಳದ ದಂಟು ಬೀನ್ಸ್ ಬಳ್ಳಿಗೆ ಆಸರೆಯಾಗುತ್ತದೆ, ಬೀನ್ಸ್ ಬೇರಿನ ಗಂಟುಗಳು ಮಣ್ಣಿಗೆ ಸಾರಜನಕ ಸೇರಿಸುತ್ತವೆ, ಕುಂಬಳದ ಅಗಲ ಎಲೆಗಳು ನೆಲ ಮುಚ್ಚಿ ತೇವ ಉಳಿಸಿ ಕಳೆ ತಡೆಯುತ್ತವೆ. ಶಿರಾ, ಚಿಂತಾಮಣಿ, ಮುಳಬಾಗಿಲಿನ ಹೊಲಗಳಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳನ್ನು ಅಕ್ಕಡಿ ಸಾಲಾಗಿ ಬಿತ್ತುವುದನ್ನು ಕಂಡವರಿಗೆ ಇದರ ಜಾಣ್ಮೆಯನ್ನು ವಿವರಿಸಬೇಕಾಗಿಲ್ಲ. ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಮಗುವಿನಿಂದಲೇ ಫೋನ್ ಮಾಡಿಸಿ ಅಕ್ಕಡಿಯ ಬಗ್ಗೆ ಕೇಳಿಸಿ. ಶಿಕ್ಷಕರು ಒಪ್ಪಿದರೆ ಮಗು ಅದನ್ನು ತರಗತಿಯಲ್ಲಿ ಹೇಳಲಿ. ಆದರೆ ಅಂದಿನ ಕಾರ್ಯಕ್ರಮ ಅವರದು ಎಂಬುದನ್ನು ಮರೆಯದೆ, ಅವರ ಹಿರಿಯರು ಮಾತು ಮುಗಿಸಿದ ನಂತರವಷ್ಟೇ ನಮ್ಮದನ್ನು ಹೇಳುವುದು ಮರ್ಯಾದೆ.

ಸೆಪ್ಟೆಂಬರ್ 30ರಂದು ಮಕ್ಕಳು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಹೋಗುತ್ತಾರೆ. ಅದು ಸಂಭ್ರಮದ ದಿನವಲ್ಲ, ಮೂಲನಿವಾಸಿ ಮಕ್ಕಳಿಗಾದ ಅನ್ಯಾಯವನ್ನು ನೆನೆಯುವ ದಿನ. 1973ರಲ್ಲಿ, ಆರು ವರ್ಷದ ಮೂಲನಿವಾಸಿ ಬಾಲಕಿ ಫಿಲಿಸ್ ವೆಬ್‌ಸ್ಟಾಡ್ ವಸತಿ ಶಾಲೆಗೆ ಸೇರಿದ ಮೊದಲ ದಿನವೇ ಅಜ್ಜಿ ಕೊಡಿಸಿದ್ದ ಕಿತ್ತಳೆ ಅಂಗಿಯನ್ನು ಕಳಚಿಸಿ ಕಿತ್ತುಕೊಳ್ಳಲಾಯಿತು. ಅಂಥ ಶಾಲೆಗಳಿಗೆ 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಕಳುಹಿಸಿ, ಅವರ ಭಾಷೆ ಮತ್ತು ಪದ್ಧತಿಗಳನ್ನು ಅಳಿಸುವ ಪ್ರಯತ್ನ ನಡೆಯಿತು. ಈ ಶಾಲೆಗಳ ಕುರಿತು ವಿಚಾರಣೆ ನಡೆಸಿದ ಸತ್ಯ ಮತ್ತು ಸಮನ್ವಯ ಆಯೋಗವು 2015ರಲ್ಲಿ ಮುಂದಿಟ್ಟ 94 ಕರೆಗಳಲ್ಲಿ ಕೊನೆಯ ಎರಡು ಹೊಸದಾಗಿ ಬರುವವರನ್ನೇ ಕುರಿತವು. ಅದರಂತೆ 2021ರಲ್ಲಿ ಪೌರತ್ವ ಪ್ರಮಾಣವಚನಕ್ಕೆ ಮೂಲನಿವಾಸಿಗಳ ಹಕ್ಕುಗಳ ಉಲ್ಲೇಖ ಸೇರಿತು. ಮುಂದೊಂದು ದಿನ ಆ ವಚನ ಸ್ವೀಕರಿಸಲಿರುವ ನಮಗೆ ಇದು ಪರರ ಚರಿತ್ರೆಯಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಸೇಜ್ ಅಥವಾ ಸ್ವೀಟ್‌ಗ್ರಾಸ್ ಎಂಬ ಪರಿಮಳದ ಗಿಡಗಳ ಹೊಗೆ ಹಾಕುವ ವಿಧಿ ಶಾಲೆಯಲ್ಲಿ ಇರುವುದಾದರೆ, ಮಗುವಿಗೆ ಉಬ್ಬಸವಿದ್ದಲ್ಲಿ ಶಿಕ್ಷಕರಿಗೆ ಮುಂಚಿತವಾಗಿ ತಿಳಿಸಿ. ಬೇಸಿಗೆಯಲ್ಲಿ ನಡೆಯುವ ಪೌವೌ ಎಂಬ ಮೂಲನಿವಾಸಿಗಳ ನೃತ್ಯೋತ್ಸವಗಳಿಗೆ ಎಲ್ಲರಿಗೂ ಪ್ರವೇಶವಿರುತ್ತದೆ, ಮಕ್ಕಳನ್ನು ಕರೆದುಕೊಂಡು ಖಂಡಿತ ಹೋಗಿ. ನರ್ತಕರು ಸಾಲಾಗಿ ಪ್ರವೇಶಿಸುವಾಗ ಟೋಪಿ ತೆಗೆದು ಎದ್ದು ನಿಲ್ಲಬೇಕು. ನಿರೂಪಕರು ಹೇಳುವವರೆಗೆ ಚಿತ್ರ ತೆಗೆಯಬಾರದು. ನರ್ತಕರ ಉಡುಪನ್ನು ಮುಟ್ಟಬಾರದು. ಕೂರಲು ಮಡಿಸುವ ಕುರ್ಚಿಯನ್ನೂ ಮಳಿಗೆಗಳಲ್ಲಿ ಕೊಡಲು ಸ್ವಲ್ಪ ನಗದನ್ನೂ ಜೊತೆಗೆ ಒಯ್ಯಿರಿ.